ಕೋಡನ್ನೂ ಕಥೆಯನ್ನೂ ಬರೆಯುವ ತಂಗಿಗೆ

ಕಲಬುರಗಿ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಜೊತೆಗೆ ನೀನು ಕೇಳಿದ ಪ್ರಶ್ನೆಯನ್ನೂ ಓದಿದೆ. ಹಗಲು ಆಫೀಸಿನಲ್ಲಿ ಕೋಡ್ ಬರೆಯೋಕೆ ಎಐ ಬಳಸ್ತೀನಿ, ರಾತ್ರಿ ಕಥೆ ಬರೆಯೋಕೂ ಬಳಸಿದರೆ ತಪ್ಪಾ ಅಂತ ಕೇಳಿದ್ದೀಯ. ತಪ್ಪು ಸರಿಯ ಲೆಕ್ಕ ಬಿಡು. ನಿನ್ನ ಕಥೆಗೆ ಏನಾಗಿದೆ ಅಂತ ಹೇಳುತ್ತೇನೆ, ಆಮೇಲೆ ನೀನೇ ಯೋಚನೆ ಮಾಡು.

ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಗನಿಗಾಗಿ ಕಾಯುವ ಮುದುಕಿ ಕಂಡಕ್ಟರನ್ನ ಕೇಳುತ್ತಾಳೆ: "ನನ್ನ ಮಗ ಇನ್ನೂ ಬಂದಿಲ್ಲವೇ? ಅವನು ಬೆಳಿಗ್ಗೆಯೇ ಹೊರಟಿದ್ದಾನೆ." ಶಹಾಪುರದಲ್ಲಿ ಯಾವ ಮುದುಕಿ ಹೀಗೆ ಮಾತಾಡ್ತಾಳೆ, ಹೇಳು? "ನನ್ ಮಗ ಇನ್ನಾ ಬಂದಿಲ್ಲೇನ್ರಿ? ಮುಂಜಾನೇನೇ ಹೊಂಟಾನ್ರಿ" ಅಂತಾಳೆ. ನೀನು ಅದೇ ಜಿಲ್ಲೆಯವಳು, ಈ ಮಾತು ಕೇಳುತ್ತಲೇ ಬೆಳೆದವಳು. ಮೊದಲ ಪ್ರತಿಯಲ್ಲಿ ಹಾಗೇ ಬರೆದಿದ್ದೆ, ಕಾಗುಣಿತ ನೋಡು ಅಂತ ಎಐಗೆ ಕೊಟ್ಟೆ, ಅದು ಎಲ್ಲವನ್ನೂ ತಿದ್ದಿಕೊಟ್ಟಿತು, ಓದಲು ಚೆನ್ನಾಗಿದೆ ಅನಿಸಿ ಹಾಗೇ ಬಿಟ್ಟೆ ಅಂತ ನೀನೇ ಬರೆದಿದ್ದೀಯ.

ಇದರಲ್ಲಿ ಯಂತ್ರದ ದುರುದ್ದೇಶ ಏನೂ ಇಲ್ಲ. ಅದು ಓದಿ ಕಲಿತ ಕನ್ನಡದಲ್ಲಿ ಸುದ್ದಿ, ಸರ್ಕಾರಿ ಬರಹ, ಪಠ್ಯದ ಭಾಷೆ ಜಾಸ್ತಿ. ನಮ್ಮ ಯಾದಗಿರಿ, ಬೀದರ್ ಕಡೆಯ ಮಾತು ಬರಹಕ್ಕೆ ಇಳಿದದ್ದೇ ಕಡಿಮೆ, ಇಳಿದದ್ದರಲ್ಲೂ ಇಂಟರ್ನೆಟ್‌ಗೆ ಬಂದದ್ದು ಇನ್ನೂ ಕಡಿಮೆ. ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಅಂತ ಲೆಕ್ಕ ಹಾಕುತ್ತಾ ಹೋಗುವುದು ಅದರ ಕೆಲಸ. ಹಾಗಾಗಿ ಅಪರೂಪದ್ದು ಕಂಡರೆ ಅದಕ್ಕೆ ತಪ್ಪಿನಂತೆ ಕಾಣುತ್ತದೆ. ಆದರೆ ತಂಗಿ, ನಿನ್ನ ಕಥೆಯ ಜೀವ ಇದ್ದದ್ದೇ ಆ ಅಪರೂಪದಲ್ಲಿ. ಓದುತ್ತಾ ನನಗೆ ನಿಜವಾಗಿಯೂ ಸಂಕಟವಾಯಿತು, ಯಾಕಂದ್ರೆ ಆ ಮುದುಕಿ ಬಾಯಿಬಿಟ್ಟ ಕೂಡಲೇ ಶಹಾಪುರ ಮಾಯವಾಗಿ ಎಲ್ಲಿಯದೋ ಒಂದು ಊರು ಬಂದು ಕೂತಿತು.

ಕೋಡ್ ವಿಷಯ ಸ್ವಲ್ಪ ಬೇರೆ. ಒಳ್ಳೆಯ ಕೋಡ್ ಅಂದ್ರೆ ನಾಳೆ ನಿನ್ನ ಜಾಗಕ್ಕೆ ಬರುವವರು ಓದಿದಾಗ "ಹೌದು, ನಾನೂ ಹೀಗೇ ಬರೆಯುತ್ತಿದ್ದೆ" ಅನ್ನಬೇಕು. ಅಲ್ಲಿ ಎಲ್ಲರಂತೆ ಬರೆಯುವುದು ಗುಣ. ಕಥೆಯಲ್ಲಿ ಇದನ್ನು ಇವಳು ಬಿಟ್ಟರೆ ಬೇರೆ ಯಾರೂ ಬರೆಯುತ್ತಿರಲಿಲ್ಲ ಅನಿಸಬೇಕು. ಎರಡಕ್ಕೂ ಒಂದೇ ಉಪಕರಣವನ್ನು ಒಂದೇ ರೀತಿ ಬಳಸಿದರೆ ಒಂದು ಕೆಲಸ ಸಲೀಸಾಗುತ್ತದೆ, ಇನ್ನೊಂದು ಸಪ್ಪೆಯಾಗುತ್ತದೆ.

ಹಾಗಂತ ಕೋಡ್‌ನಲ್ಲೂ ಕಣ್ಣು ಮುಚ್ಚಿ ನಂಬಬೇಡ. ಎಲ್ಲರಂತೆ ಅಂದರೆ ಅಲ್ಲಿ ಬಹುಪಾಲು ಇಂಗ್ಲಿಷಿನಂತೆ ಅಂತಲೇ ಅರ್ಥ. ತೊಗರಿ ರೈತರಿಗೆ ಆಪ್ ಮಾಡ್ತಿದ್ದೀವಿ ಅಂದಿದ್ದೆಯಲ್ಲ, ಅದರಲ್ಲಿ ಹೆಸರು ತುಂಬುವ ಜಾಗ ನೋಡು. ನಮ್ಮ ಕಡೆ ಓಣಿಗೊಬ್ಬ ಮಲ್ಲಿಕಾರ್ಜುನ ಇರ್ತಾನೆ. ಕಣ್ಣಿಗೆ ಅದು 5 ಅಕ್ಷರ. ಕಂಪ್ಯೂಟರು ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ 12: ಮ, ಲ, ಹಲಂತ (ಅಕ್ಷರ ಕೂಡಿಸುವ ಚಿಹ್ನೆ), ಮತ್ತೊಂದು ಲ, ಗುಡಿಸು, ಹೀಗೆ ಒಂದೊಂದೂ ಬೇರೆ ಬೇರೆ. ಅದನ್ನು ಫೈಲಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಇಟ್ಟರೆ ಒಂದೊಂದಕ್ಕೆ 3 ಬೈಟ್, ಒಟ್ಟು 36. ಅದೇ ಹೆಸರನ್ನು ಇಂಗ್ಲಿಷಿನಲ್ಲಿ 'ಮಲ್ಲಿಕಾರ್ಜುನ್' ಅಂತ ಬರೆದರೆ 11 ಅಕ್ಷರ, 11 ಬೈಟ್. ಎಐ ಬರೆದುಕೊಟ್ಟ ಕೋಡ್ ಆ 12ರಲ್ಲಿ 11ಕ್ಕೇ ಕತ್ತರಿಸಿದರೆ ಇಂಗ್ಲಿಷ್ ಹೆಸರು ಪೂರ್ತಿ ಉಳಿಯುತ್ತದೆ, ಕನ್ನಡದ್ದು ರೈತನ ರಸೀದಿಯಲ್ಲಿ "ಮಲ್ಲಿಕಾರ್ಜು" ಅಂತ ಬರುತ್ತದೆ. ಇಂಗ್ಲಿಷ್ ಹೆಸರು ಹಾಕಿ ಮಾತ್ರ ಪರೀಕ್ಷೆ ಮಾಡುವವರಿಗೆ ಇದು ಕಾಣುವುದೇ ಇಲ್ಲ. ಕನ್ನಡ ಬರೆಯುವ ನಿನಗೆ ಕಾಣಬೇಕು. ಈ ಕೆಲಸಕ್ಕೆ ನಿನ್ನಂಥವರು ಬೇಕು ಅಂತ ನಾನು ಹೇಳುವುದು ಇದಕ್ಕೇ.

ಮೊಬೈಲ್ ಮೆಸೇಜಿನಲ್ಲೂ ಹೀಗೇ ಆಗಿತ್ತು. ಇಂಗ್ಲಿಷ್ ಅಕ್ಷರವಾದರೆ ಒಂದು ಎಸ್ಸೆಮ್ಮೆಸ್ಸಿಗೆ 160, ಕನ್ನಡವಾದರೆ 70. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸಕ್ಕೆ ಅದೂ ಒಂದು ಕಾರಣ.

ಆದರೆ ತಂತ್ರಜ್ಞಾನ ನಮ್ಮ ಭಾಷೆಯ ಮಾತು ಕೇಳಿದ್ದೂ ಇದೆ, ಅದನ್ನು ಮರೆಯಬಾರದು. ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯನ್ನೇ ನೋಡು. "ಲ್ಲಿ" ಬೇಕಾದರೆ ಎಲ್, ಎಫ್, ಎಲ್, ಐ ಒತ್ತುತ್ತೀವಿ. ಒತ್ತಕ್ಷರದ ಆಕಾರಕ್ಕೆ ಅಂತ ಬೇರೆ ಕೀಲಿ ಹುಡುಕಬೇಕಿಲ್ಲ, ಬಾಯಲ್ಲಿ ಅನ್ನುವ ಕ್ರಮದಲ್ಲೇ ಬೆರಳು ಹೋಗುತ್ತದೆ, ಅಕ್ಷರ ಕೂಡಿಸುವುದು ಕಂಪ್ಯೂಟರಿನ ಪಾಲಿಗೆ. ಕನ್ನಡ ಹೇಗೆ ಕೆಲಸ ಮಾಡುತ್ತದೆ ಅಂತ ಬಲ್ಲವರೊಬ್ಬರು ಕೂತು ಯೋಚಿಸಿದ್ದರಿಂದ ನಮ್ಮಂಥ ಎಷ್ಟೋ ಜನ ಸಲೀಸಾಗಿ ಬರೆಯುವಂತಾಯಿತು. ನನಗೆ ಅವರ ಮೇಲೆ ಅಪಾರ ಗೌರವ.

ಇನ್ನು ನಿನ್ನ ಕಥೆಗೆ ಬಂದರೆ, ಮೊದಲ ಪ್ರತಿ ಬರೆಯುವಾಗ ಎಐ ಮುಚ್ಚಿಡು. ಅದರ ವಾಕ್ಯ ಒಮ್ಮೆ ಕಣ್ಣಿಗೆ ಬಿದ್ದರೆ ನಿನ್ನದು ಬರುವುದಿಲ್ಲ, ಬಂದರೂ ಅದರ ನೆರಳಲ್ಲೇ ಬರುತ್ತದೆ. ಕಾಗುಣಿತ ನೋಡೋಕೆ, ರೆಕಾರ್ಡ್ ಮಾಡಿದ ಮಾತನ್ನು ಬರಹಕ್ಕೆ ಇಳಿಸೋಕೆ ಬೇಕಾದರೆ ಬಳಸು, ಆದರೆ ತಿದ್ದಿದ್ದನ್ನು ಒಂದೊಂದಾಗಿ ನೋಡಿ ಒಪ್ಪು. ಬರೆದದ್ದರ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್ ನಿನಗೆ ಗೊತ್ತಲ್ವಾ? ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಲಿನಕ್ಸ್ ಕೋಡಿಗಾಗಿ ಮಾಡಿದ್ದು. ಆದರೆ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದ ಕಥೆಗೂ ಅದು ಚೆನ್ನಾಗಿ ಒಗ್ಗುತ್ತದೆ. ಪ್ರತಿ ಕಂತಿಗೂ ಕಮಿಟ್ ಮಾಡು, ಅಂದರೆ ಆ ಹೊತ್ತಿನ ಪ್ರತಿಯನ್ನು ಉಳಿಸಿಡು. ಎಐ ಏನು ಬದಲಿಸಿತು ಅಂತ ಎರಡು ಪ್ರತಿಗಳ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಆ ಮುದುಕಿಯ ಮಾತು ಎಲ್ಲಿ ಕಳೆದುಹೋಯಿತು ಅನ್ನುವುದು ಅಲ್ಲೇ ಸಿಕ್ಕುತ್ತಿತ್ತು.

ಇನ್ನೊಂದು ಕೆಲಸ ಇದೆ, ನಿನ್ನಿಂದಲೇ ಆಗಬೇಕು. ಇಲ್ಲಿ ನಮ್ಮ ಗೆಳೆಯರ ಹತ್ತಿರ ಕಥೆ, ಜನಪದ ಹಾಡು, ನಾಟಕಗಳ ಹಳೆಯ ಫೈಲುಗಳು ರಾಶಿ ಇವೆ. ಎಲ್ಲ 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನವು, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದವು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕಿಗಳ ಗೋಜಲು. ಹುಡುಕಿದರೆ ಸಿಗುವುದಿಲ್ಲ, ಯಂತ್ರಕ್ಕಂತೂ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ನಮ್ಮ ಮಾತು ಅದಕ್ಕೆ ಅಪರೂಪ ಆಗಿರುವುದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ. ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಇವೆ, ಆದರೆ ಅರ್ಕಾವತ್ತು, ಒತ್ತು ಅಲ್ಲಲ್ಲಿ ಆಚೀಚೆ ಆಗುತ್ತವೆ. ಕೂತು ನೋಡುವವರು ಬೇಕು. ದೀಪಾವಳಿಗೆ ಊರಿಗೆ ಬಂದಾಗ ಲ್ಯಾಪ್‌ಟಾಪ್ ಹಿಡಿದು ಕಲಬುರಗಿಗೆ ಬಾ. ಬದಲಿಸುವ ಚಿಕ್ಕ ಪ್ರೋಗ್ರಾಂ ನೀನು ಬರೆ, ಅಕ್ಷರ ನಾನು ನೋಡುತ್ತೇನೆ. ಬರೆದವರ ಒಪ್ಪಿಗೆ ಅಷ್ಟರಲ್ಲಿ ಕೇಳಿ ಇಟ್ಟಿರುತ್ತೇನೆ.

ನಿನ್ನ
ಅಣ್ಣ