ನೀಲಗಿರಿ ನೆಡುವವನಿಂದ ನೀಲಗಿರಿ ಕೀಳುವವನಿಗೆ

ಪ್ರಿಯ ಸೀನ,

ಸರ್ಕಾರ 2017ರಲ್ಲಿ ನೆಡಬಾರದೆಂದ ನೀಲಗಿರಿಯ ಬೊಡ್ಡೆಗಳನ್ನು ನೀನು ಕೋಲಾರದ ಹೊಲದಿಂದ ಜೆಸಿಬಿಯಲ್ಲಿ ಕೀಳಿಸಿ ಹೊಂಗೆ, ನೇರಳೆ ಹಾಕುತ್ತಿದ್ದೀಯ; ನಾನು ಶನಿವಾರಗಳಂದು ಕ್ಯಾನ್‌ಬೆರಾದಿಂದ ಬೂರೋವಾ ಕಡೆಯ ಕುರಿ ಫಾರ್ಮುಗಳಿಗೆ ಹೋಗಿ ಅದೇ ಕುಲದ ಸಸಿಗಳನ್ನು ನೆಟ್ಟು ಬರುತ್ತಿದ್ದೇನೆ. ನಗಬೇಡ, ಇದನ್ನು ನಾಲ್ಕು ಜನ ಓದುತ್ತಾರೆ.

ಇಲ್ಲಿ ಅದು ನಾಡಮರ. ಯೆಲ್ಲೋ ಬಾಕ್ಸ್, ಬ್ಲೇಕ್ಲೀಸ್ ರೆಡ್ ಗಮ್ ಎಂಬ ನೀಲಗಿರಿ ಕುಲದ ಮರಗಳು ಹುಲ್ಲಿನ ನಡುವೆ ಬಿಡಿಬಿಡಿಯಾಗಿ ನಿಂತಿದ್ದ ಕಾಡನ್ನು ಗೋಧಿಗೂ ಕುರಿಗೂ ತೆರವು ಮಾಡಿದ್ದರಿಂದ, ಒಳ್ಳೆಯ ಸ್ಥಿತಿಯಲ್ಲಿ ಉಳಿದದ್ದು ಶೇ. 5ಕ್ಕೂ ಕಡಿಮೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಡೇವಿಡ್ ಲಿಂಡೆನ್‌ಮೇಯರ್ ಮತ್ತು ಸಂಗಡಿಗರು ಈ ಸೀಮೆಯ ಫಾರ್ಮುಗಳಲ್ಲಿ, ಗಿಡ ನೆಟ್ಟ ಮೇಲೆ ಯಾವ ಜೀವಿ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಎರಡು ದಶಕಕ್ಕೂ ಹೆಚ್ಚು ಕಾಲ ಲೆಕ್ಕವಿಟ್ಟಿದ್ದಾರೆ. ಪೊದೆಯ ಸಣ್ಣ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಬಂದುಬಿಡುತ್ತವೆ. ಮೊನ್ನೆ ವಾಟಲ್ ಪೊದೆಯ ಬುಡದಲ್ಲಿ ಫೇರಿರೆನ್ ಸಂಸಾರವೊಂದನ್ನು ಕಂಡೆ: ನೆತ್ತಿ, ಕೆನ್ನೆಯೆಲ್ಲ ತಿಳಿನೀಲಿಯ ಗಂಡು ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ನನ್ನ ಬೂಟಿನ ಪಕ್ಕದಲ್ಲೇ ಹುಳ ಹೆಕ್ಕುತ್ತಿತ್ತು, ಕಂದು ಬಣ್ಣದ ಹೆಣ್ಣುಗಳು ಅದರ ಹಿಂದೆ ಕುಪ್ಪಳಿಸುತ್ತಿದ್ದವು.

ಅಲ್ಲಿಂದ ಕೂಗಳತೆಯಲ್ಲಿ, ಪೊದೆಯಿಲ್ಲದೆ ಮರಗಳಷ್ಟೇ ನಿಂತ ಕಡೆ, ನಾಯ್ಸಿ ಮೈನರ್ ಎಂಬ ಹಕ್ಕಿಗಳದ್ದೇ ದರ್ಬಾರು. ತಮಗಿಂತ ಚಿಕ್ಕ ಹಕ್ಕಿ ಕಂಡರೆ ಹಿಂಡುಗಟ್ಟಿ ಎರಗಿ ಓಡಿಸುತ್ತವೆ. ಈ ದಬ್ಬಾಳಿಕೆಯನ್ನು 2014ರಲ್ಲಿ ಇಲ್ಲಿಯ ಕೇಂದ್ರ ಸರ್ಕಾರವೇ ವನ್ಯಜೀವಿಗಳಿಗೆ ಒದಗಿದ ದೊಡ್ಡ ಅಪಾಯಗಳ ಪಟ್ಟಿಗೆ ಸೇರಿಸಿತು, ಆದರೆ ಹಕ್ಕಿ ಮಾತ್ರ ಅಪ್ಪಟ ಇಲ್ಲಿಯದೇ. ಮರದ ಕೆಳಗೆ ದಟ್ಟವಾಗಿ ಪೊದೆ ಬೆಳೆಸಿದರೆ ಅವುಗಳ ಆಟ ಅಷ್ಟು ಸಾಗುವುದಿಲ್ಲ.

ಪೊಟರೆಯ ವಿಷಯಕ್ಕೆ ಮಾತ್ರ ಪೊದೆಯಂಥ ಸುಲಭದ ಮದ್ದಿಲ್ಲ. ಸೂಪರ್ಬ್ ಪ್ಯಾರಟ್ ಎಂಬ ಹಸಿರು ಗಿಳಿ ಹಳೆಯ ಮರಗಳ ಪೊಟರೆಯಲ್ಲೇ ಮೊಟ್ಟೆಯಿಡುತ್ತದೆ, ಅಂಥ ಪೊಟರೆಯಾಗಲು ನೂರು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ನಾನು, ನೀನು, ಬ್ಯಾಂಕಿನ ಸಾಲ ಯಾವುದೂ ಇರುವುದಿಲ್ಲ. ಅಲ್ಲಿಯವರೆಗೆ ಉಳಿದಿರುವ ಪೊಟರೆಗಳಿಗೂ ನಾವು ಕಟ್ಟುವ ಗೂಡುಪೆಟ್ಟಿಗೆಗಳಿಗೂ ಪೈಪೋಟಿ ಇದೆ, ಪೈಪೋಟಿಗೆ ಇಳಿದವರಲ್ಲಿ ನಮ್ಮ ಗೊರವಂಕವೂ ಒಂದು. 1860ರ ದಶಕದಲ್ಲಿ ಮೆಲ್ಬರ್ನ್‌ಗೂ 1968ರಲ್ಲಿ ಕ್ಯಾನ್‌ಬೆರಾಕ್ಕೂ ಮನುಷ್ಯರೇ ತಂದುಬಿಟ್ಟ ಹಕ್ಕಿಯನ್ನು ಈಗ ಮನುಷ್ಯರೇ ಹಿತ್ತಲಲ್ಲಿ ಬೋನಿಟ್ಟು ಹಿಡಿದು ಕೊಲ್ಲುತ್ತಾರೆ.

ಟೀ ಕುಡಿಯುವಾಗ ನಮ್ಮ ತಂಡದ ಹಿರಿಯರೊಬ್ಬರು "ನಿನಗೂ ಒಂದು ಬೋನು ಕೊಡಲೇ" ಎಂದು ನನ್ನನ್ನು ಕೇಳಿದರು. ಮನೆ ಮಾಲೀಕರು ಒಪ್ಪುವುದಿಲ್ಲ ಎಂದೆ. ಮಾಲೀಕ ಯಾರೆಂಬುದು ಗೃಹಪ್ರವೇಶಕ್ಕೆ ಬಾರದೆ ತಪ್ಪಿಸಿಕೊಂಡ ನಿನಗೂ ಗೊತ್ತು. ಆ ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಗೊರವಂಕ ಹೆಚ್ಚಿದಂತೆ ಕ್ಯಾನ್‌ಬೆರಾದಲ್ಲಿ ಕೂಕಬರಾ, ಕ್ರಿಮ್ಸನ್ ರೊಸೆಲ್ಲಾಗಳಂಥ ಪೊಟರೆವಾಸಿಗಳಿಗೆ ಪೆಟ್ಟು ಬಿದ್ದಿದೆ ಎಂದು 2012ರ ಅಧ್ಯಯನವೊಂದು ತೋರಿಸಿದೆ, ನಾನದನ್ನು ಓದಿ ಒಪ್ಪಿದ್ದೇನೆ. ಆದರೆ ಅಮ್ಮ ಹೋದಾಗ ಊರಿಗೆ ಬರಲಾಗದೆ ಇಲ್ಲೇ ಉಳಿದೆನಲ್ಲ, ಆ ದಿನಗಳಲ್ಲಿ ಬೆಳಗಾದರೆ ಸೂರಿನ ಮೇಲೆ ಕೂಗುತ್ತಿದ್ದ ಜೋಡಿ ಗೊರವಂಕಗಳನ್ನು ಬಿಟ್ಟು ಈ ಮನೆಯಲ್ಲಿ ನಮ್ಮ ಜಗಲಿಯ ಸದ್ದು ಇನ್ನಾವುದೂ ಇರಲಿಲ್ಲ. ಈ ವರ್ಷ ಅವು ಗ್ಯಾರೇಜಿನ ಸಂದಿನಲ್ಲಿ ಗೂಡು ಕಟ್ಟಿವೆ. ಶನಿವಾರ ನಾನು ಯಾವ ಹಕ್ಕಿಗಾಗಿ ಮಣ್ಣು ಅಗೆಯುತ್ತೇನೋ ಅದರ ವೈರಿಗೆ ವಾರವಿಡೀ ಬಾಡಿಗೆಯಿಲ್ಲದೆ ಮನೆ ಕೊಟ್ಟಿದ್ದೇನೆ, ಮರಿಗಳ ಚಿಲಿಪಿಲಿ ಕೇಳಿದರೆ ಕಾರನ್ನು ಹೊರಗೇ ನಿಲ್ಲಿಸುತ್ತೇನೆ.

ಇಷ್ಟೆಲ್ಲ ಬರೆಯಲು ಕುಳಿತವನಲ್ಲ. ನಮ್ಮ ತಂಡದಲ್ಲಿ ಕನ್ನಡ ಬಲ್ಲವರಿಲ್ಲ ಎಂಬುದೊಂದೇ ಧೈರ್ಯ. ನಿನ್ನ ಹೊಲಕ್ಕೆ ಏನೇನು ಬಂತೆಂದು ಬರೆ, ನಿನ್ನ ಕಡೆ ಗೊರವಂಕಕ್ಕೆ ಹೇಗೂ ಪಾಸ್‌ಪೋರ್ಟ್ ಬೇಕಿಲ್ಲ. ಮುಂದಿನ ಶನಿವಾರ ಪೊದೆಗಳನ್ನು ನೆಡುವ ಸರದಿ. ನಾನು ಗುಂಡಿ ತೋಡುವ ಚಂದ ಕಂಡ ಹಿರಿಯರು ನನಗೆ ಟೀ ಕಾಸುವ ಹುದ್ದೆಗೆ ಬಡ್ತಿ ಕೊಡುವ ಯೋಚನೆಯಲ್ಲಿದ್ದಾರೆ. ಶುಂಠಿ ಹಾಕಲು ಅಪ್ಪಣೆ ಸಿಕ್ಕರೆ ಒಪ್ಪಿಕೊಳ್ಳುತ್ತೇನೆ.

ನಿನ್ನ,
ಮಾಲೀಕ