ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಬೇರೆ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ, ಅದು ಇರಲಿ. "ಸೂತ್ರದಲ್ಲಿ ಬರೀ ಅಕ್ಷರ ಇದ್ದರೆ ಯಾವುದನ್ನ ಆಚೆ ಹಾಕಬೇಕು ಅಂತ ಊಹೆ ಮಾಡಿ ಬರೆಯುತ್ತೇನೆ ದೊಡ್ಡಪ್ಪ, ಒಂದು ದಿನ ಸಿಕ್ಕಿಬೀಳ್ತೀನಿ" ಅಂದಿದ್ದೀಯಲ್ಲ, ಅಲ್ಲಿಂದ ಮುಂದಕ್ಕೆ ನನಗೆ ಓದೋಕಾಗಲಿಲ್ಲ. ಸಿಕ್ಕಿಬೀಳೋದು ಕದ್ದವರು. ನೀನು ಏನು ಕದ್ದಿದ್ದೀಯ?

ಕಳಿಸಿದ ಹಾಳೆ ನೋಡಿದೆ. ವಿ = ಯು + ಎಟಿ (ಯು ಮೊದಲಿನ ವೇಗ, ವಿ ಕೊನೆಯ ವೇಗ, ಎ ವೇಗೋತ್ಕರ್ಷ, ಟಿ ಕಾಲ), ಇದರಲ್ಲಿ ಟಿ ಬೇಕು. ನೀನು ಟಿ = ವಿ/ಎ − ಯು ಅಂತ ಬರೆದಿದ್ದೀಯ. ಎ ಯಿಂದ ಭಾಗಿಸುವಾಗ ಯು ಒಂದನ್ನು ಬಿಟ್ಟಿದ್ದೀಯ, ಅಷ್ಟೇ. ಟಿಗೆ ಏನೇನಾಗಿದೆ ನೋಡು. ಮೊದಲು ಎ ಯಿಂದ ಗುಣಿಸಿದೆ, ಆಮೇಲೆ ಯು ಕೂಡಿದೆ. ಕೊನೆಗೆ ಹಾಕಿದ ಗಂಟನ್ನ ಮೊದಲು ಬಿಚ್ಚು. ಎರಡೂ ಕಡೆ ಯು ಕಳೆ, ಆಮೇಲೆ ಎರಡೂ ಕಡೆಯನ್ನು ಇಡಿಯಾಗಿ ಎ ಯಿಂದ ಭಾಗಿಸು. ಟಿ = (ವಿ − ಯು)/ಎ. ಆ ಆವರಣ ಮಾತ್ರ ಮರೆಯಬೇಡ.

ಪಾಠ ಮಾಡೋಕೆ ಕೂತೆ ಅಂದ್ಕೋಬೇಡ. ಆ ಭಯ ನನಗೂ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಲೋಲಕದ ಪ್ರಯೋಗ ಇತ್ತು. ಟಿ = 2π√(ಎಲ್/ಜಿ), ಅದರಿಂದ ಜಿ, ಅಂದರೆ ಗುರುತ್ವ ವೇಗೋತ್ಕರ್ಷ, ತೆಗೆಯಬೇಕು. ದಾರದ ಉದ್ದ 1 ಮೀಟರ್, ಒಂದು ಆಂದೋಲನಕ್ಕೆ 2 ಸೆಕೆಂಡ್. ಎರಡೂ ಕಡೆ ವರ್ಗ ಮಾಡುವಾಗ 2π ಅನ್ನು ಹಾಗೇ ಬಿಟ್ಟೆ. ಜಿ 1.57 ಬಂತು. ಸರಿಯಾಗಿ ಮಾಡಿದ್ದರೆ 4π²ಎಲ್/ಟಿ², ಅಂದರೆ 9.87 ಬರಬೇಕಿತ್ತು. ಯಾರಾದರೂ ನೋಡಿಬಿಡುತ್ತಾರೆ ಅಂತ ಹೆದರಿ, ಪಕ್ಕದವನ ಪುಸ್ತಕ ನೋಡಿ 9.8 ಅಂತ ಬರೆದುಬಿಟ್ಟೆ. ಯಾರೂ ಹಿಡಿಯಲಿಲ್ಲ. ಹಿಡಿದಿದ್ದರೆ ಅವತ್ತೇ ಕಲಿಯುತ್ತಿದ್ದೆನೇನೋ.

ಆಮೇಲೆ ನನ್ನ ತಮ್ಮನಿಗೆ ನಾನೇ ಲೆಕ್ಕ ಹೇಳಿಕೊಟ್ಟೆ. "ಆಚೆ ಹಾಕು, ಚಿಹ್ನೆ ಬದಲಿಸು" ಅಂತ ಗದರುತ್ತಿದ್ದೆ. ಯಾಕೆ ಅಂತ ಅವನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಇನ್ನೂ ಜೋರು ಮಾಡಿದೆ. ಏನೂ ಆಚೆ ಹೋಗುವುದಿಲ್ಲ, ಎರಡೂ ಕಡೆ ಒಂದೇ ಕೆಲಸ ಮಾಡುತ್ತೇವೆ, ಒಂದು ಕಡೆ ಅದು ಸೊನ್ನೆಯಾಗುತ್ತೆ ಅಂತ ಇಷ್ಟು ಹೇಳಿದ್ದರೆ ಸಾಕಿತ್ತು. ಅವನು ಗಣಿತವನ್ನೇ ಬಿಟ್ಟ. ಅದು ನನ್ನಿಂದಲೇ ಆಗಿದ್ದು ಪುಟ್ಟಿ, ಇವತ್ತಿಗೂ ಅವನ ಹತ್ತಿರ ಆ ಮಾತು ಆಡಿಲ್ಲ.

ನಿನ್ನ ಭಯಕ್ಕೆ ನನ್ನ ಹತ್ತಿರ ದೊಡ್ಡ ಮದ್ದೇನಿಲ್ಲ. ಊಹೆ ಮಾಡಿದರೂ ಪರವಾಗಿಲ್ಲ, ಆಮೇಲೆ ಸಣ್ಣ ಸಂಖ್ಯೆ ಹಾಕಿ ನೋಡು. ಯು 5, ಎ 3, ಟಿ 5 ಅಂದ್ಕೋ, ವಿ 20 ಆಗುತ್ತೆ. ಈಗ ನಿನ್ನ ಉತ್ತರಕ್ಕೆ ಹಾಕಿದರೆ 20/3 − 5, 5 ಇರಲಿ 2 ಕೂಡ ಬರಲ್ಲ. ಇನ್ನೊಂದರಲ್ಲಿ 15/3, ಸರಿಯಾಗಿ 5. ಬೇರೆಯವರು ಹಿಡಿಯೋ ಮೊದಲು ನೀನೇ ಹಿಡಿದೆ ಅಲ್ವಾ?

ಬೇಕಾದ ಅಕ್ಷರ ಎರಡು ಸಲ ಬಂದಿದ್ದರೆ ಅದಿರುವ ಪದಗಳನ್ನೆಲ್ಲ ಒಂದೇ ಬದಿಗೆ ತಂದು, ಆ ಅಕ್ಷರವನ್ನ ಆವರಣದ ಹೊರಗೆ ತೆಗೆಯಬೇಕು. ವೈ = (ಎಕ್ಸ್ + 1)/(ಎಕ್ಸ್ − 1), ಎಕ್ಸ್ ಬೇಕು. ಮಾಡಿ ಕಳಿಸು. ತಪ್ಪಾದ ಸಾಲನ್ನ ಅಳಿಸಬೇಡ, ಹಾಗೇ ಕಳಿಸು.

ನಿನ್ನ
ದೊಡ್ಡಪ್ಪ