ಶ್ರೀಲಂಕಾ ಪುಟದಲ್ಲಿ ಯಾವ ತಿಂಗಳು ಯಾವ ಕಡಲು ಅಂತಾನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣೀಲಿ ಬೇಸಿಗೆ ರಜಕ್ಕೆ ಶ್ರೀಲಂಕಾ ಅಂತ ಒಂದು ಪುಟ ಪೂರ್ತಿ ಹಾಕಿದ್ರಲ್ಲ, ಫೋಟೋ ಎಲ್ಲಾ ಸೂಪರ್, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಇಡೀ ದ್ವೀಪಕ್ಕೆ ಸೇರಿಸಿ ಒಂದೇ ಒಂದು "ಉತ್ತಮ ಸಮಯ" ಕೊಟ್ಟುಬಿಟ್ಟಿದೀರ ನೋಡಿ, ಅದಕ್ಕೇ ಈ ಪತ್ರ. ಆ ದೇಶಕ್ಕೆ ಹಂಗೆ ಒಂದೇ ಸೀಸನ್ ಅಂತ ಇಲ್ಲ ಸಾರ್. ನಡುವೆ ಬೆಟ್ಟಗಳ ಸಾಲು ಎದ್ದು ನಿಂತಿದೆ, ಪಿದುರುತಲಾಗಲ ಅನ್ನೋ ಶಿಖರ 2524 ಮೀಟರ್ ಎತ್ತರ, ಮೇ ಕೊನೆ ಹೊತ್ತಿಗೆ ನೈಋತ್ಯ ಮುಂಗಾರು ಶುರುವಾದ್ರೆ ಮಳೆ ಜಾಸ್ತಿ ಪಶ್ಚಿಮ, ದಕ್ಷಿಣ ಕಡೆ ಸುರಿದುಬಿಡತ್ತೆ, ಅದೇ ಹೊತ್ತಲ್ಲಿ ಬೆಟ್ಟದ ಆಚೆ ಪೂರ್ವ ತೀರದ ಟ್ರಿಂಕೋಮಲಿ ಕಡೆ ಒಳ್ಳೆ ಬಿಸಿಲು, ಸಮುದ್ರ ಶಾಂತ. ಡಿಸೆಂಬರ್ ಹೊತ್ತಿಗೆ ಎಲ್ಲಾ ಉಲ್ಟಾ, ಈಶಾನ್ಯ ಮಾರುತ ಬಂದು ಪೂರ್ವದ ಕರಾವಳಿ ನೆನೆಯತ್ತೆ, ದಕ್ಷಿಣದ ಗಾಲ್, ಮಿರಿಸ್ಸ ಕಡೆ ಜನ ಮರಳಲ್ಲಿ ಮಲಗಿರ್ತಾರೆ.

ಇದು ಗೊತ್ತಿಲ್ದೆ ಏನಾಗತ್ತೆ ಅಂದ್ರೆ, ನಮ್ಮ ಬೆಂಗಳೂರಲ್ಲಿ ವರ್ಷವಿಡೀ ಅದೇ ಕೊಲಂಬೊ–ಕ್ಯಾಂಡಿ–ನುವಾರ ಎಲಿಯ–ಬೆಂಟೋಟ ಪ್ಯಾಕೇಜ್ ಮಾರ್ತಾರೆ (ಬೆಂಟೋಟ ಅಂದ್ರೆ ಪಶ್ಚಿಮದ ಕಡಲತೀರ), ಜೂನಲ್ಲಿ ಕೇಳಿದ್ರೂ ಅದೇ, ಜನವರೀಲಿ ಕೇಳಿದ್ರೂ ಅದೇ. ನಮ್ಮ ಬೀದಿ ಒಂದು ಫ್ಯಾಮಿಲಿ ಮಕ್ಕಳಿಗೆ ಸ್ಕೂಲು ಶುರುವಾಗೋ ಮುಂಚೆ ಅಂತ ಮೇ ಕೊನೇ ವಾರದಲ್ಲಿ ಹೋಗಿ, ರೂಮಿನ ಕಿಟಕಿಯಿಂದ ಕೆಂಪು ಬಾವುಟ ನೋಡ್ಕೊಂಡು ಕೂತು ವಾಪಸ್ ಬಂದ್ರು, ನೀರಿಗೆ ಕಾಲಿಡೋಕೂ ಬಿಡಲಿಲ್ವಂತೆ. ಅದೇ ದುಡ್ಡಿಗೆ ಆ ವಾರ ಟ್ರಿಂಕೋಮಲಿ ಹತ್ರದ ನಿಲಾವೆಲಿ ಬೀಚಿಗೆ ಹೋಗಬಹುದಿತ್ತು. ಅಲ್ಲಿಂದ ದೋಣೀಲಿ ಪಿಜನ್ ಐಲ್ಯಾಂಡ್‌ಗೆ ಹೋದ್ರೆ ಹವಳದ ದಿಬ್ಬ ತೀರಕ್ಕೇ ಅಂಟಿಕೊಂಡಂಗಿದೆ, ಸೊಂಟದ ಮಟ್ಟದ ನೀರಲ್ಲೇ ಬಣ್ಣಬಣ್ಣದ ಮೀನು ಕಾಣತ್ತೆ. ದಯವಿಟ್ಟು ಹವಳದ ಮೇಲೆ ನಿಂತ್ಕೊಬೇಡಿ, ಅದು ಕಲ್ಲಲ್ಲ, ಜೀವ ಇರೋದು. ಟ್ರಿಂಕೋಮಲೀಲಿ ಕೋಣೇಶ್ವರ ದೇವಸ್ಥಾನ ಬೇರೆ ಇದೆ, ಸಮುದ್ರಕ್ಕೆ ಚಾಚಿರೋ ಬಂಡೆ ತುದೀಲಿ, ಹಳೇದನ್ನ ಪೋರ್ಚುಗೀಸರು ಕೆಡವಿದ ಮೇಲೆ ಎಷ್ಟೋ ಕಾಲ ಆದ್ಮೇಲೆ ಮತ್ತೆ ಕಟ್ಟಿದ್ದು.

ಏಪ್ರಿಲ್‌ದು ಇನ್ನೊಂದು ಕಥೆ. ಹವಾಮಾನ ಪರ್ವಾಗಿಲ್ಲ, ಆದ್ರೆ 13, 14ರ ಸುಮಾರಿಗೆ ಸಿಂಹಳ–ತಮಿಳು ಹೊಸ ವರ್ಷ, ಕೊಲಂಬೊ ಖಾಲಿ ಖಾಲಿ, ಎಲ್ರೂ ಊರಿಗೆ ಹೋಗಿರ್ತಾರೆ, ಸಣ್ಣಪುಟ್ಟ ಹೋಟ್ಲು ಅಂಗಡಿ ಎಷ್ಟೋ ದಿನ ಮುಚ್ಚಿರತ್ತೆ, ಬಸ್ಸು ಟ್ರೇನು ಸಿಗೋದೂ ಕಷ್ಟ. ಇದನ್ನ ಯಾವ ಏಜೆಂಟೂ ಹೇಳಲ್ಲ. ನನ್ನ ಕೇಳಿದ್ರೆ ದೊಡ್ಡ ಹೋಟ್ಲು ಬಿಟ್ಟು ಯಾವ್ದಾದ್ರೂ ಹೋಮ್‌ಸ್ಟೇಲಿ ಇರೋದಾದ್ರೆ ಇದೇ ಒಳ್ಳೆ ಟೈಮು. ಹಳೇ ವರ್ಷ ಹೊಸ ವರ್ಷದ ನಡುವೆ ಒಂದಷ್ಟು ಗಂಟೆ ಒಲೆ ಹಚ್ಚಲ್ಲ, ಕೆಲಸ ಮುಟ್ಟಲ್ಲ, ಆಮೇಲೆ ಜ್ಯೋತಿಷಿಗಳು ಕೊಟ್ಟ ಮುಹೂರ್ತಕ್ಕೆ ಸರಿಯಾಗಿ ಒಲೆ ಹಚ್ಚಿ ಹೊಸ ಮಡಕೇಲಿ ಹಾಲು ಉಕ್ಕಿಸ್ತಾರೆ, ತೆಂಗಿನ ಹಾಲಲ್ಲಿ ಬೇಯಿಸಿದ ಅನ್ನ ಕತ್ತರಿಸಿ ಕಿರಿಬತ್ ಅಂತ ಕೊಡ್ತಾರೆ, ಜೊತೆಗೆ ಕೊಕಿಸ್, ಕವುಮ್ ಅಂತ ಕರಿದ ತಿಂಡಿ. ಹೆಂಗಸರು ರಬಾನ ಅನ್ನೋ ದೊಡ್ಡ ತಮಟೆಗೆ ಕೆಳಗಿಂದ ಕೆಂಡದ ಬಿಸಿ ಕೊಟ್ಟು ಚರ್ಮ ಬಿಗಿ ಮಾಡ್ಕೊಂಡು ಸುತ್ತ ಕೂತು ಬಾರಿಸ್ತಾರೆ, ಆ ಸದ್ದು ಪಕ್ಕದ ಬೀದೀಗೂ ಕೇಳತ್ತೆ.

ಇನ್ನು ಪೋಯ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜ, ಅವತ್ತು ಮದ್ಯ ಮಾರಂಗಿಲ್ಲ. ಹುಟ್ಟುಹಬ್ಬ, ಬ್ಯಾಚುಲರ್ ಪಾರ್ಟಿ ಅಂತ ಹೋಗೋ ಹುಡುಗರು ಇದನ್ನ ಮೊದಲೇ ತಿಳ್ಕೊಂಡ್ರೆ ಹೋಟ್ಲು ಸ್ಟಾಫ್ ಹತ್ರ ಜಗಳ ತಪ್ಪತ್ತೆ. ವೆಸಾಕ್ ಹುಣ್ಣಿಮೆಗೆ (ನಮ್ಮ ಬುದ್ಧ ಪೂರ್ಣಿಮೆ) ಮಾತ್ರ ಯಾರಾದ್ರೂ ಹೋಗಲೇಬೇಕು, ಊರು ತುಂಬಾ ಕಾಗದದ ದೀಪದ ಗೂಡು, ರಸ್ತೆ ಬದೀಲಿ ದನ್ಸಲ್ ಅಂತ ಪೆಂಡಾಲ್ ಹಾಕಿ ಬಂದವರಿಗೆಲ್ಲಾ ಊಟ, ಶರಬತ್ತು ಫ್ರೀ, ನಮ್ಮ ಗಲ್ಲಿಗಳಲ್ಲಿ ರಾಮನವಮಿಗೆ ಪಾನಕ ಕೋಸಂಬರಿ ಹಂಚಿದಂಗೆ, ಹೋಗ್ತಿರೋ ಗಾಡೀನೂ ನಿಲ್ಲಿಸಿ ಕೊಡ್ತಾರೆ. ಬೇಡ ಅನ್ಬೇಡಿ.

ದೇವಸ್ಥಾನದ ವಿಷ್ಯ ನಮಗೇನು ಹೇಳಿಕೊಡೋದು ಅನ್ಕೋತೀವಿ, ಆದ್ರೆ ಒಂದು ನಮಗೆ ಅಭ್ಯಾಸ ಇಲ್ಲ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತಗೊಳ್ಳಂಗಿಲ್ಲ, ಅದನ್ನ ಅವಮಾನ ಅಂತಾನೇ ನೋಡ್ತಾರೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇದೆ ಅಂತ ಒಬ್ಬ ಬ್ರಿಟಿಷ್ ಪ್ರವಾಸಿಯನ್ನ ವಾಪಸ್ ಕಳಿಸಿದ್ರು, ಅದು ಅತಿ ಆಯ್ತು ಅಂತ ನನಗೂ ಅನ್ಸತ್ತೆ, ಆದ್ರೆ ನಮ್ಮ ಟೂರ್ ಪ್ಲಾನ್‌ಗೆ ನನ್ನ ಅಭಿಪ್ರಾಯ ಯಾಕೆ ಬೇಕು. ಮೊಣಕಾಲು, ಭುಜ ಮುಚ್ಚೋ ಬಟ್ಟೆ ಒಂದು ಜೊತೆ ಬ್ಯಾಗಲ್ಲಿರಲಿ. ಜಾಫ್ನಾದ ನಲ್ಲೂರು ಕಂದಸ್ವಾಮಿ ಗುಡೀಲಿ ಗಂಡಸರು ಅಂಗಿ ತೆಗೀಬೇಕು.

ಕೊಗ್ಗಲ, ವೆಲಿಗಾಮ ಕಡೆ ನೀರಲ್ಲಿ ಕಂಬದ ಮೇಲೆ ಕೂತು ಗಾಳ ಹಾಕೋರ ಫೋಟೋ ನೀವೂ ಹಾಕಿದೀರ. ಅವರು ದುಡ್ಡು ಕೇಳ್ತಾರೆ ಅಂತ ನಮ್ಮವರು ಮೋಸ ಮೋಸ ಅಂತ ಬೈಕೊಂಡು ಬರ್ತಾರೆ. ಈಗ ಅಲ್ಲಿ ಸುಮಾರು ಜನಕ್ಕೆ ಮೀನಿಗಿಂತ ಫೋಟೋದಿಂದಾನೇ ಸಂಪಾದನೆ, ಮುಂಚೇನೇ ಎಷ್ಟು ಅಂತ ಕೇಳಿ ಕೊಟ್ಟುಬಿಡಿ, ಬಿಸಿಲಲ್ಲಿ ಒಂದು ಕೋಲಿನ ಮೇಲೆ ಕೂರೋದು ಸುಮ್ನೆ ಅಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು, ಅಲ್ಲಿನ ಪೋಲ್ ಸಂಬೋಲ ಅನ್ನೋ ತೆಂಗಿನಕಾಯಿ ಚಟ್ನೀಲಿ, ಎಷ್ಟೋ ತರಕಾರಿ ಪಲ್ಯದಲ್ಲೂ ಉಂಬಲಕಡ ಅಂತ ಒಣಗಿಸಿದ ಮೀನಿನ ಪುಡಿ ಹಾಕಿರ್ತಾರೆ, ನೋಡಿದ್ರೆ ಗೊತ್ತಾಗಲ್ಲ. ಉಂಬಲಕಡ ಬೇಡ ಅಂತ ಹೆಸರು ಹಿಡಿದೇ ಹೇಳಬೇಕು. ಎಮ್ಮೆ ಮೊಸರಿಗೆ ಬೈನೆ ಮರದ ಕಾಕಂಬಿ ಸುರಿದು ಕೊಡೋದನ್ನ ಮಾತ್ರ ಕಣ್ಣು ಮುಚ್ಕೊಂಡು ತಿನ್ನಬಹುದು.

ಮುಂದಿನ ಸಲ ಆ ಪುಟದಲ್ಲಿ ಹೋಟ್ಲು ರೇಟಿನ ಪಕ್ಕ ಒಂದು ಸಣ್ಣ ಬಾಕ್ಸ್ ಹಾಕಿ, ಯಾವ ತಿಂಗಳು ಯಾವ ಕಡಲು ಅಂತ, ಜೊತೆಗೆ ಆ ವರ್ಷದ ಪೋಯ ತಾರೀಕುಗಳು. ನಿಮ್ಮ ಪಂಚಾಂಗದ ಕಾಲಂ ನೋಡಿ ಹಾಕ್ಬೇಡಿ ಮತ್ತೆ, ಒಂದೊಂದ್ಸಲ ಒಂದು ದಿನ ಹಿಂದೆ ಮುಂದೆ ಆಗತ್ತೆ, ಅವರ ಸರ್ಕಾರದ ರಜಾ ಪಟ್ಟೀನೇ ನೋಡಿ.

– ನಿಮ್ಮ ಓದುಗ, ಬಸವನಗುಡಿ, ಬೆಂಗಳೂರು